ಗಳಗಂಡಕ್ಕೆ ನಾನು ಹಾಕಿದ ಕೋಡ್

ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ ಎಂದರೆ ಜನ ಮೊದಲು ಕೇಳುವುದು, ನರ್ಸಾಗಿದ್ರಾ ಎಂದು. ಅಲ್ಲ ಎಂದರೆ ಲ್ಯಾಬಿನಲ್ಲಿದ್ರಾ ಎನ್ನುತ್ತಾರೆ. ರೆಕಾರ್ಡ್ ರೂಮಿನಲ್ಲಿದ್ದೆ, ಕಾಯಿಲೆಗಳಿಗೆ ಕೋಡ್ ಹಾಕುತ್ತಿದ್ದೆ ಎಂದಾಗ ಮಾತು ಅಲ್ಲಿಗೇ ನಿಲ್ಲುತ್ತದೆ. ನಾನು ಅಲ್ಲಿ ಏನು ಮಾಡುತ್ತಿದ್ದೆ ಎನ್ನುವುದು ನನ್ನ ತಂಗಿಯ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ. ಈಗ ಇದೇ ಕೆಲಸಕ್ಕೆ ಕೋರ್ಸ್ ಮಾಡಿಕೊಂಡು ಬರುವವರಿದ್ದಾರೆ. ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತರೆ ಸಂಜೆಯೊಳಗೆ ಇಷ್ಟು ಫೈಲು ಮುಗಿಯಬೇಕು ಎಂದು ಅವರಿಗೆ ಹೇಳಿರುತ್ತಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಬೀಳ್ಕೊಡುಗೆ, ಶಾಲು, ಫೋಟೋ ಇವನ್ನೆಲ್ಲ ಬಿಟ್ಟಿದ್ದೇನೆ. ಅವು ಎಲ್ಲರಿಗೂ ಆಗುತ್ತವೆ.

ನಾನಿದ್ದದ್ದು ಶಿಕಾರಿಪುರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ. ಹೆಸರು ಬೇಡ. ಸೊರಬದಲ್ಲಿ ಅದರದೇ ಒಂದು ಸಣ್ಣ ಶಾಖೆ ಇತ್ತು. ವಾರಕ್ಕೆ ಎರಡು ದಿನ ಬಸ್ಸು ಹತ್ತಿ ಅಲ್ಲಿಗೂ ಹೋಗಿ, ಅಲ್ಲಿನ ಫೈಲುಗಳನ್ನು ಮುಗಿಸಿ ಬರುತ್ತಿದ್ದೆ.

ಕೆಲಸ ಇಷ್ಟು. ರೋಗಿ ಮನೆಗೆ ಹೋದ ಮೇಲೆ ಅವರ ಕೇಸ್ ಶೀಟು ನಮ್ಮ ಕೋಣೆಗೆ ಬರುತ್ತದೆ. ಡಾಕ್ಟರು ಏನು ಕಾಯಿಲೆ ಎಂದು ಬರೆದಿದ್ದಾರೋ ನೋಡಿ, ಎಲ್ಲ ದೇಶಗಳಲ್ಲೂ ಬಳಸುವ ದಪ್ಪ ಪುಸ್ತಕವೊಂದರಲ್ಲಿ ಅದರ ಸಂಖ್ಯೆ ಹುಡುಕಿ, ಶೀಟಿನ ಮೇಲಿನ ಮೂಲೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆಯಬೇಕು. ಒಂದು ಅಕ್ಷರ, ಎರಡು ಅಂಕಿ, ಒಂದು ಚುಕ್ಕಿ, ಮತ್ತೊಂದು ಅಂಕಿ. ತಿಂಗಳ ಕೊನೆಗೆ ಎಲ್ಲವನ್ನೂ ಎಣಿಸಿ ಊರುವಾರು ಪಟ್ಟಿ ಮಾಡಿ ಮೇಲಕ್ಕೆ ಕಳಿಸಬೇಕು. ಯಾವ ಕಡೆ ಯಾವ ಕಾಯಿಲೆ ಹೆಚ್ಚಿದೆ ಎಂದು ಮೇಲಿನವರಿಗೆ ತಿಳಿಯುವುದು ಈ ಪಟ್ಟಿಗಳಿಂದ.

ಗಳಗಂಡ ಎಂದರೆ ಕುತ್ತಿಗೆಯ ಮುಂಭಾಗದಲ್ಲಿ ಥೈರಾಯ್ಡ್ ಗ್ರಂಥಿ ಊದಿಕೊಳ್ಳುವುದು. ನಮ್ಮ ಕಡೆ ಗಂಟಲ ಗಡ್ಡೆ ಎನ್ನುತ್ತಾರೆ. ನೋಡುವವರಿಗೆ ಊತ ಊತವೇ. ಪುಸ್ತಕದಲ್ಲಿ ಮಾತ್ರ ಅದಕ್ಕೆ ಹಲವು ಸಂಖ್ಯೆಗಳಿವೆ. ಉಪ್ಪಿನಲ್ಲಿ, ನೀರಿನಲ್ಲಿ ಅಯೋಡಿನ್ ಸಾಲದೆ ಬಂದದ್ದಾದರೆ ಇ ಸೊನ್ನೆ ಒಂದು. ಕಾರಣ ಅಯೋಡಿನ್ ಎಂದು ಡಾಕ್ಟರು ಬರೆದಿಲ್ಲದಿದ್ದರೆ ಇ ಸೊನ್ನೆ ನಾಲ್ಕು. ಗ್ರಂಥಿ ಇಡಿಯಾಗಿ ಊದಿದೆಯೋ, ಗಂಟು ಗಂಟಾಗಿದೆಯೋ, ಒಂದೇ ಗಂಟೋ ಎನ್ನುವುದರ ಮೇಲೆ ಚುಕ್ಕಿಯ ಮುಂದಿನ ಅಂಕಿ ಬದಲಾಗುತ್ತದೆ. ಕೋಡ್ ಹಾಕುವವಳಿಗೆ ಕುತ್ತಿಗೆ ಕಾಣುವುದಿಲ್ಲ. ಹಾಳೆ ಮಾತ್ರ ಕಾಣುತ್ತದೆ.

ನನಗೆ ಕೆಲಸ ಕಲಿಸಿದವರು ಶೇಖರಪ್ಪನವರು. ರೆಕಾರ್ಡ್ ರೂಮಿನ ಮುಖ್ಯಸ್ಥರು. ತೋಳು ಮಡಚದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ಪೆನ್ಸಿಲು. ನಾನು ಸೇರಿದ ದಿನವೇ ಪುಸ್ತಕವನ್ನು ನನ್ನ ಮುಂದೆ ಇಟ್ಟು, "ಹಾಲಮ್ಮಾ, ಡಾಕ್ಟ್ರು ಬರ್ದಿದ್ದನ್ನ ಬರಿ. ನಿನ್ನ ತಲಿಯೊಳಗ ಬಂದಿದ್ದನ್ನ ಬರೀಬ್ಯಾಡ" ಎಂದರು. ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಆಮೇಲೆ ಯಾರಿಂದಲೂ ಕೇಳಲಿಲ್ಲ.

ಆದರೆ ಅದೇ ಶೇಖರಪ್ಪನವರ ಮೇಜಿನ ಪಕ್ಕದ ಗೋಡೆಗೆ ಒಂದು ರಟ್ಟು ತೂಗುಹಾಕಿತ್ತು. ಅಂಗಿ ಕೊಂಡಾಗ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅಂಥ ರಟ್ಟು. ಅದರ ಮೇಲೆ ದಿನಾ ಬರುವ ಕಾಯಿಲೆಗಳ ಹೆಸರು, ಎದುರಿಗೆ ಸಂಖ್ಯೆ. ಪದೇ ಪದೇ ಪುಸ್ತಕ ತೆಗೆಯುವುದು ತಪ್ಪಲಿ ಎಂದು ಅವರೇ ಮಾಡಿಕೊಂಡದ್ದು. ಭೇದಿ, ಮಲೇರಿಯಾ, ಹಾವು ಕಡಿತ, ಹೆರಿಗೆ. ಅದರಲ್ಲೇ ಒಂದು ಸಾಲು: ಗಳಗಂಡ, ಇ ಸೊನ್ನೆ ಒಂದು ಚುಕ್ಕಿ ಎರಡು. ಅಂದರೆ ಅಯೋಡಿನ್ ಕೊರತೆಯ ಗಳಗಂಡ, ಬಗೆ ತಿಳಿಯದು. ಯಾಕೆ ಹಾಗೆ ಎಂದು ನಾನು ಕೇಳಿದ್ದೆ. "ನಮ್ಮ ಕಡಿ ಬರೋವೆಲ್ಲ ಉಪ್ಪಿನ ಗಡ್ಡಿನೇ ಅಂತ ದೊಡ್ಡ ಡಾಕ್ಟ್ರೇ ಹೇಳ್ಯಾರ" ಎಂದರು. ಆ ದೊಡ್ಡ ಡಾಕ್ಟರು ನಾನು ಸೇರುವ ಮೊದಲೇ ನಿವೃತ್ತರಾಗಿ ಹೋಗಿದ್ದರು. ನಾನು ಮತ್ತೆ ಕೇಳಲಿಲ್ಲ. ಶೇಖರಪ್ಪನವರು ನಿವೃತ್ತರಾದ ಮೇಲೂ ರಟ್ಟು ಗೋಡೆಯ ಮೇಲೇ ಇತ್ತು. ಮಾಸಿ ಅಕ್ಷರ ಕಾಣದಾದಾಗ ನಾನೇ ಹೊಸ ರಟ್ಟಿನ ಮೇಲೆ ಚೆಂದವಾಗಿ ನಕಲು ಮಾಡಿದೆ.

ನಾನು ಮಾಡಿದ ತಪ್ಪುಗಳಲ್ಲಿ ನಗುವಂಥದ್ದೂ ಒಂದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಕಾಲಿನ ಹೆಬ್ಬೆರಳಿನ ಕೀಲು ಊದಿ ಉರಿಯುವ ಕಾಯಿಲೆಗೆ ಇಂಗ್ಲಿಷಿನಲ್ಲಿ ಗೌಟ್ ಎನ್ನುತ್ತಾರೆ. ಗಳಗಂಡಕ್ಕೆ ಗಾಯ್ಟರ್. ಎರಡೂ ಜಿ, ಓ ಅಕ್ಷರಗಳಿಂದಲೇ ಶುರುವಾಗುತ್ತವೆ. ನಮ್ಮ ಸರ್ಜನ್ ಒಬ್ಬರು ಮೊದಲ ಎರಡು ಅಕ್ಷರ ಬರೆದು ಉಳಿದದ್ದನ್ನು ಒಂದು ಗೆರೆಯಾಗಿ ಎಳೆಯುತ್ತಿದ್ದರು. ಸೊರಬ ಕಡೆಯ ಗಣಪತಿಯಪ್ಪ ಎಂಬ ರೈತರೊಬ್ಬರು ಕಾಲುನೋವಿಗೆ ಒಂದು ವಾರ ಮಲಗಿ ಹೋಗಿದ್ದರು. ನಾನು ಗೆರೆಯನ್ನು ಗಾಯ್ಟರ್ ಎಂದು ಓದಿ, ರಟ್ಟು ನೋಡಿ ಕೋಡ್ ಹಾಕಿದೆ. ಅವರು ವಿಮೆಗೆಂದು ನಮ್ಮಿಂದ ಸರ್ಟಿಫಿಕೇಟ್ ತೆಗೆದುಕೊಂಡು ಹೋದರು. ತಿಂಗಳಾದ ಮೇಲೆ ಕೋಲೂರಿಕೊಂಡು ಸೊರಬದ ಶಾಖೆಗೆ ಬಂದು ನನ್ನ ಮೇಜಿನ ಮುಂದೆ ನಿಂತರು.

"ಮೇಡಂ, ನಾನು ಕಾಲು ನೋಡ್ರಿ ಅಂತೀನಿ, ವಿಮೆಯವರು ಅಂಗಿ ಗುಂಡಿ ಬಿಚ್ಚಿ ಕುತ್ತಿಗೆ ತೋರಿಸು ಅಂತಾರೆ. ಎಂತ ಬರೆದಿದೀರಿ ನೀವು?"

ನೋಡಿದೆ, ತಿಳಿಯಿತು, ಕ್ಷಮಿಸಿ ಎಂದೆ. ಅವರು ಕುರ್ಚಿಯಲ್ಲಿ ಕೂತು ನಕ್ಕರು. ಹೊಸ ಸರ್ಟಿಫಿಕೇಟ್ ಕೊಟ್ಟೆವು. ಒಂದು ವಾರ ಇಡೀ ಆಸ್ಪತ್ರೆ ಈ ಕಥೆ ಹೇಳಿಕೊಂಡು ನಕ್ಕಿತು, ನಾನೂ ನಕ್ಕೆ. ಓದಲಾಗದ್ದನ್ನು ಡಾಕ್ಟರ ಹತ್ತಿರ ಹೋಗಿ ಕೇಳಬೇಕು ಎಂದು ಅಂದು ತೀರ್ಮಾನ ಮಾಡಿಕೊಂಡೆ. ಓದಲು ಬರುವುದನ್ನೂ ಪೂರ್ತಿ ಓದಬೇಕು ಎನ್ನುವುದು ಮಾತ್ರ ಹೊಳೆಯಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಹಳೆಯ ಶೀಟುಗಳ ಕೋಡ್‌ಗಳನ್ನೆಲ್ಲ ಅದರೊಳಗೆ ಹಾಕಬೇಕಾಯಿತು. ಸಂಖ್ಯೆ ಹೊಡೆದರೆ ಅದೇ ಕಾಯಿಲೆಯ ಹೆಸರನ್ನು ಬಿಡಿಸಿ ತೋರಿಸುತ್ತಿತ್ತು. ರೋಗಿ ಮುಂದಿನ ಸಲ ಬಂದಾಗ ಅವರ ಚೀಟಿಯ ಮೇಲ್ಭಾಗದಲ್ಲಿ ಹಳೆಯ ಕಾಯಿಲೆಯ ಹೆಸರು ಅಚ್ಚಾಗಿ ಬರುತ್ತಿತ್ತು. ನಮಗೆಲ್ಲ ಬಹಳ ಖುಷಿಯಾಯಿತು. ಡಾಕ್ಟರುಗಳಿಗೂ ಅಷ್ಟೆ. ಹಳೆಯ ಫೈಲು ತರಿಸಿ ಪುಟ ತಿರುಗಿಸುವ ಕೆಲಸ ತಪ್ಪಿತು. ನಾನು ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದುದನ್ನು ಮೊದಲೆಲ್ಲ ಯಾರೂ ನೋಡುತ್ತಿರಲಿಲ್ಲ. ಈಗ ಅದೇ ದಪ್ಪ ಅಕ್ಷರದಲ್ಲಿ ಎಲ್ಲರ ಕಣ್ಣಿಗೂ ಬೀಳತೊಡಗಿತು.

ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಶಿವಮೊಗ್ಗದಿಂದ ಆರೋಗ್ಯ ಇಲಾಖೆಯ ಮೂವರ ತಂಡ ಬಂತು. ಒಬ್ಬ ಯುವ ಡಾಕ್ಟರು, ಇಬ್ಬರು ಸಹಾಯಕರು. ನಮ್ಮ ಆಸ್ಪತ್ರೆಯ ಪಟ್ಟಿಯಲ್ಲಿ ಅಯೋಡಿನ್ ಕೊರತೆಯ ಗಳಗಂಡ ಅಕ್ಕಪಕ್ಕದ ಆಸ್ಪತ್ರೆಗಳಿಗಿಂತ ತುಂಬ ಹೆಚ್ಚು ಕಾಣುತ್ತಿದೆ, ಹಳ್ಳಿಗಳಿಗೆ ಹೋಗಿ ನೋಡಬೇಕು ಎಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ನಾನು ಕಳಿಸಿದ ಪಟ್ಟಿಯನ್ನು ಯಾರೋ ಓದಿದ್ದಾರೆ ಎಂದು ಗೊತ್ತಾದದ್ದು ಅದೇ ಮೊದಲು. ನನ್ನ ತವರು ಬಂದಳಿಕೆಯ ಹತ್ತಿರ. ಆ ಕಡೆಯ ದಾರಿ, ಜನ ನನಗೆ ಗೊತ್ತಿದ್ದರಿಂದ ಜೊತೆಗೆ ಬನ್ನಿ ಎಂದರು. ಆ ರೋಗಿಗಳ ಹೆಸರು, ಊರಿನ ಪಟ್ಟಿ ಹಿಡಿದುಕೊಂಡು ಜೀಪು ಹತ್ತಿದೆ.

ಅವರ ಪರೀಕ್ಷೆ ಸರಳ. ಮನೆಯವರಿಂದ ಒಂದು ಚಮಚ ಅಡುಗೆ ಉಪ್ಪು ಕೇಳಿ ಬಿಳಿ ತಟ್ಟೆಯ ಮೇಲೆ ಹಾಕುವುದು. ಸಣ್ಣ ಬಾಟಲಿಯಿಂದ ಒಂದು ಹನಿ ಬಿಡುವುದು. ಅಯೋಡಿನ್ ಇದ್ದರೆ ಉಪ್ಪು ನೇರಳೆಗೆ ತಿರುಗುತ್ತದೆ. ಇಲ್ಲದಿದ್ದರೆ ಬಿಳಿಯಾಗೇ ಇರುತ್ತದೆ. ಹೆಂಗಸರಿಗೆ ಇದು ತಮಾಷೆಯಾಗಿ, ಒಂದು ಮನೆಯವರು ಇನ್ನೊಂದು ಮನೆಗೆ ನಮ್ಮ ಹಿಂದೆಯೇ ಬಂದರು. ಮೊದಲ ಮನೆಯ ಉಪ್ಪು ನೇರಳೆಯಾಯಿತು. ಎರಡನೆಯದೂ ಆಯಿತು. ನನ್ನ ಪಟ್ಟಿಯಲ್ಲಿದ್ದ ಮನೆಗಳನ್ನೇ ಹುಡುಕಿ ಹುಡುಕಿ ಹೋದೆವು, ಎಲ್ಲ ಕಡೆಯೂ ಪ್ಯಾಕೆಟ್ ಉಪ್ಪು, ಎಲ್ಲ ಕಡೆಯೂ ನೇರಳೆ. ಶಾಲೆಗೆ ಹೋಗಿ ಮಕ್ಕಳ ಕುತ್ತಿಗೆ ನೋಡಿದರು. ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಬುತ್ತಿ ಬಿಚ್ಚಿ ಕೂತಾಗ ಆ ಡಾಕ್ಟರು ಕೇಳಿದರು.

"ಹಾಲಮ್ಮನವರೇ, ಈ ಕೋಡ್ ಹಾಕೋದು ಯಾರು?"

"ನಾನೇ ಸರ್."

"ಶೀಟಿನಲ್ಲಿ ಅಯೋಡಿನ್ ಕೊರತೆ ಅಂತ ಡಾಕ್ಟರು ಬರೆದಿರ್ತಾರಾ?"

"ಇಲ್ಲ ಸರ್. ಗಳಗಂಡ ಅಂತಷ್ಟೇ ಬರೀತಾರೆ."

"ಮತ್ತೆ ಅಯೋಡಿನ್ ಎಲ್ಲಿಂದ ಬಂತು?"

ರಟ್ಟಿನ ವಿಷಯ ಹೇಳಬೇಕಾಯಿತು. ನಮ್ಮಲ್ಲಿ ಮೊದಲಿನಿಂದ ಹಾಗೇ ಹಾಕುತ್ತಾ ಬಂದಿದ್ದೇವೆ ಎಂದೆ. ಅವರು ಬೈಯಲಿಲ್ಲ. ರೊಟ್ಟಿ ಮುರಿಯುತ್ತಾ, "ಹಿಂದೆ ಅದು ನಿಜಾನೂ ಇದ್ದಿರಬಹುದು. ಈಗಲೂ ಕೆಲವರದ್ದು ನಿಜ ಇರಬಹುದು. ಆದರೆ ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಬರೆದಿದೀರಿ" ಎಂದರು. ನನ್ನ ತವರಿನ ಕಡೆಯ ನಾಲ್ಕು ಹೆಂಗಸರು ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಮಾತು ಅರ್ಥವಾಗಲಿಲ್ಲ, ನನ್ನ ಮುಖ ಅರ್ಥವಾಯಿತು.

ವಾಪಸು ಹೊರಡುವಾಗ ಊರ ಹೊರಗೆ ಕುರಿ ಸಾಕುವವರ ಮನೆಯೊಂದು ಕಂಡಿತು. ಅದು ಪಟ್ಟಿಯಲ್ಲಿ ಇರಲಿಲ್ಲ. ನೀರು ಕೇಳಲು ಜೀಪು ನಿಲ್ಲಿಸಿದೆವು. ತಂಬಿಗೆ ತಂದುಕೊಟ್ಟ ಅಜ್ಜಿಯ ಕುತ್ತಿಗೆ ನೋಡಿ ಡಾಕ್ಟರು ಜೀಪಿನಿಂದ ಇಳಿದೇಬಿಟ್ಟರು. ಗ್ರಂಥಿ ಎರಡೂ ಕಡೆ ಗಂಟು ಗಂಟಾಗಿ ಇಳಿಬಿದ್ದಿತ್ತು. ಅಜ್ಜಿಯ ಹೆಸರು ಕರಿಯಮ್ಮ. ಸೊಸೆಯ ಕುತ್ತಿಗೆಯಲ್ಲೂ ಊತ ಇತ್ತು.

"ಯಾವ ಉಪ್ಪು ತಿಂತೀರವ್ವಾ?" ಎಂದು ನಾನು ಕೇಳಿದೆ.

ಕರಿಯಮ್ಮ ಮೂಲೆಯಲ್ಲಿದ್ದ ಚೀಲ ತೋರಿಸಿದರು. ಹರಳುಪ್ಪು. "ಕುರಿಗೆ ತರ್ತೀವಲ್ಲ, ಅದನ್ನ ತೊಳದು ಒಣಗಿಸಿ ಕುಟ್ಕೊಂತೀವಿ. ಕುರಿಗೊಂದು ನಮಗೊಂದು ಅಂತ ಯಾಕ ತರ್ಬೇಕು?"

ತಟ್ಟೆಯ ಮೇಲೆ ಹನಿ ಬಿತ್ತು. ಉಪ್ಪು ಬಿಳಿಯಾಗೇ ಉಳಿಯಿತು. ಸಹಾಯಕರು ಇನ್ನೊಂದು ಹನಿ ಹಾಕಿದರು. ಬಿಳಿಯೇ.

"ಆಸ್ಪತ್ರಿಗೆ ಯಾವತ್ತಾದ್ರೂ ತೋರ್ಸೀರೇನು?" ಎಂದೆ.

"ನೋವಿಲ್ಲ, ಗೀವಿಲ್ಲ. ಯಾಕ ತೋರ್ಸೋದು?" ಎಂದರು ಕರಿಯಮ್ಮ.

ಜೀಪು ಹೊರಟ ಮೇಲೆ ಯುವ ಡಾಕ್ಟರು ನನ್ನ ಪಟ್ಟಿ ಇಸಿದುಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ, "ಕೊರತೆ ಇದ್ದವರು ನಿಮ್ಮ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿದ್ದವರಿಗೆ ಇಲ್ಲ" ಎಂದರು. ಕೋಪದಿಂದೇನೂ ಅಲ್ಲ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು.

ಮರುದಿನ ನಾನು ರಟ್ಟು ಇಳಿಸಿದೆ. ನಮ್ಮ ಫಿಜಿಷಿಯನ್ ಡಾಕ್ಟರ್ ವಸುಧಾ ಅವರ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಅವರು ನಮ್ಮಲ್ಲಿಗೆ ಬಂದು ಮೂರು ವರ್ಷವಾಗಿತ್ತು, ಆಗಾಗ ಸೊರಬದ ಶಾಖೆಯಲ್ಲೂ ರೋಗಿಗಳನ್ನು ನೋಡುತ್ತಿದ್ದರು. ಕಡಿಮೆ ಮಾತು, ನೇರ ಮನುಷ್ಯರು. "ಎಲ್ಲ ಗಳಗಂಡದ ಶೀಟೂ ತೆಗೀರಿ. ಮೊದಲ ಪುಟದಿಂದ ಓದಿ. ಡಾಕ್ಟರು ಏನು ಬರೆದಿದಾರೋ ಅದಕ್ಕೆ ತಕ್ಕ ಕೋಡ್ ಹಾಕಿ. ಅನುಮಾನ ಬಂದಿದ್ದನ್ನ ನನಗೆ ತಂದು ತೋರಿಸಿ" ಎಂದರು.

ಉಳಿದ ಕೆಲಸ ಮುಗಿಸಿ ದಿನಕ್ಕೆ ಎರಡು ಗಂಟೆ ಇದಕ್ಕೆ ಕೂರುತ್ತಿದ್ದೆ. ಧೂಳಿಗೆ ಸೀನು, ಕಣ್ಣುರಿ. ಹೆಚ್ಚಿನ ಶೀಟುಗಳಲ್ಲಿ ಹೇಳಿಕೊಳ್ಳುವಂಥದ್ದು ಇರಲಿಲ್ಲ. ಇ ಸೊನ್ನೆ ಒಂದನ್ನು ಹೊಡೆದು ಹಾಕಿ ಇ ಸೊನ್ನೆ ನಾಲ್ಕು ಬರೆದು, ಕಂಪ್ಯೂಟರಿನಲ್ಲೂ ಬದಲಾಯಿಸಿ ಮುಂದಕ್ಕೆ ಹೋಗುತ್ತಿದ್ದೆ. ಮೂರನೆಯ ವಾರ ಸೊರಬದ ಶಾಖೆಯ ಕಟ್ಟಿನಲ್ಲಿ ರೇಣುಕಮ್ಮ ಎಂಬುವವರ ಫೈಲು ಸಿಕ್ಕಿತು.

ಕುಬಟೂರಿನ ಹತ್ತಿರದ ಹಳ್ಳಿಯವರು. ನಾಲ್ಕು ವರ್ಷದ ಹಿಂದೆ ಮೊದಲ ಸಲ ಬಂದಿದ್ದರು. ಆಗ ನಮ್ಮಲ್ಲಿ ಒಂದೇ ವರ್ಷ ಇದ್ದು ಹೋದ ಕಿರಿಯ ಡಾಕ್ಟರೊಬ್ಬರು ನೋಡಿದ್ದರು. ಅವರ ಅಕ್ಷರ ಮುತ್ತಿನ ಹಾಗಿತ್ತು, ಓದಲು ಯಾವ ಕಷ್ಟವೂ ಇರಲಿಲ್ಲ. ಎರಡನೆಯ ಪುಟದಲ್ಲಿ ಹೀಗೆ ಬರೆದಿದ್ದರು: ಕುತ್ತಿಗೆಯ ಬಲಭಾಗದಲ್ಲಿ ಒಂದೇ ಗಂಟು, ಗಟ್ಟಿಯಾಗಿದೆ, ಸೂಜಿ ಪರೀಕ್ಷೆ ಮಾಡಿಸಲೇಬೇಕು. ಕೊನೆಯ ಪುಟದಲ್ಲಿ ಕಾಯಿಲೆಯ ಹೆಸರು ಬರೆಯುವ ಸಾಲಿನಲ್ಲಿ ಮಾತ್ರ ಗಳಗಂಡ ಎಂದಷ್ಟೇ ಇತ್ತು. ನಾನು ಆ ಕೊನೆಯ ಸಾಲನ್ನಷ್ಟೇ ಓದಿ, ರಟ್ಟಿನ ಸಂಖ್ಯೆ ಹಾಕಿ ಕಟ್ಟಿಗೆ ಸೇರಿಸಿದ್ದೆ.

ರೇಣುಕಮ್ಮ ಆಮೇಲೂ ಮೂರು ಸಲ ಬಂದಿದ್ದರು. ಮೂರು ಸಲವೂ ಚೀಟಿಯ ಮೇಲೆ ಕಂಪ್ಯೂಟರ್ ಅಚ್ಚು ಹಾಕಿತ್ತು: ಅಯೋಡಿನ್ ಕೊರತೆಯ ಗಳಗಂಡ. ಕೆಳಗೆ ಬೇರೆ ಬೇರೆ ಡಾಕ್ಟರು ಬರೆದದ್ದು ಒಂದೇ ಮಾತು. ಅಯೋಡಿನ್ ಇರುವ ಉಪ್ಪು ಬಳಸಿ, ಆರು ತಿಂಗಳ ನಂತರ ಬನ್ನಿ. ಗಂಟಿಗೆ ಸೂಜಿ ಚುಚ್ಚಿ ಅದು ಕೆಟ್ಟ ಗಂಟೋ ಅಲ್ಲವೋ ಎಂದು ತಿಳಿಯುವ ಆ ಪರೀಕ್ಷೆ ನಡೆದೇ ಇರಲಿಲ್ಲ.

ಫೈಲನ್ನು ವಸುಧಾ ಅವರ ಮುಂದೆ ಇಟ್ಟೆ. ಮೊದಲ ಶೀಟು ಓದಿದರು. ಚೀಟಿಗಳನ್ನು ಒಂದೊಂದಾಗಿ ನೋಡಿದರು. ಮೂರನೆಯದರ ಮೇಲೆ ಬೆರಳಿಟ್ಟು, "ಇದು ನನ್ನ ಕೈಬರಹ" ಎಂದರು.

ಆಡಳಿತಾಧಿಕಾರಿಗಳಿಗೆ ಹೇಳದೆ ಮುಂದುವರಿಯುವಂತಿರಲಿಲ್ಲ. ಅವರು ಕೇಳಿಸಿಕೊಂಡು, "ಆರು ತಿಂಗಳಿಗೆ ಬನ್ನಿ ಅಂದಿದೀರಲ್ಲ, ಅವರೇ ಬರ್ತಾರೆ. ಆಗ ಪರೀಕ್ಷೆ ಮಾಡ್ಸಿ. ನಾವಾಗಿ ಹೋಗಿ ಹೇಳಿದ್ರೆ ತಪ್ಪು ನಮ್ಮದು ಅಂತ ಬರ್ದು ಕೊಟ್ಟಂಗಾಗ್ತದೆ" ಎಂದರು. ಅವರು ಕೆಟ್ಟವರಲ್ಲ. ಆಸ್ಪತ್ರೆಯ ಹೆಸರು ಕಾಯುವುದು ಅವರ ಕೆಲಸವಾಗಿತ್ತು. ಕೊನೆಯ ಚೀಟಿ ನೋಡಿದರೆ ರೇಣುಕಮ್ಮ ಬಂದು ಹತ್ತು ತಿಂಗಳಾಗಿತ್ತು. ಅವರಾಗಿ ಬರುತ್ತಾರೆ ಎನ್ನುವ ನಂಬಿಕೆ ನನಗಿರಲಿಲ್ಲ. ಫೈಲಿನಲ್ಲಿದ್ದ ಫೋನ್ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತಿದರು.

ಹೊರಗೆ ಬಂದ ಮೇಲೆ ವಸುಧಾ ತಮ್ಮ ಹೆಸರಿನ ಹಾಳೆಯ ಮೇಲೆ ಶಿವಮೊಗ್ಗದ ತಜ್ಞರೊಬ್ಬರಿಗೆ ಕಾಗದ ಬರೆದು ನನ್ನ ಕೈಗೆ ಕೊಟ್ಟರು. "ನಿಮಗೆ ಸೊರಬದ ಡ್ಯೂಟಿ ಯಾವತ್ತು?" ಎಂದು ಕೇಳಿದರು. ನಾಳೆ ಎಂದೆ.

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಕುಬಟೂರಿನ ಕಡೆಯ ಬಸ್ಸಿಗೆ ಕಾಯುತ್ತಾ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕಂಪ್ಯೂಟರಿನ ತಪ್ಪು ಎನ್ನಬಹುದಿತ್ತು. ಹೊಸ ಪರೀಕ್ಷೆ ಬಂದಿದೆ, ಎಲ್ಲರಿಗೂ ಮಾಡಿಸುತ್ತಿದ್ದೇವೆ ಎನ್ನಬಹುದಿತ್ತು. ಎರಡನ್ನೂ ಯೋಚಿಸಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ರೇಣುಕಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ನಾನು ಹೋದಾಗ ಮಕ್ಕಳ ಊಟ ಮುಗಿದು, ದೊಡ್ಡ ಪಾತ್ರೆಗಳನ್ನು ನಲ್ಲಿಯ ಕೆಳಗೆ ಮಗುಚಿ ಉಜ್ಜುತ್ತಿದ್ದರು. ನಲವತ್ತರ ಆಸುಪಾಸು, ಗಟ್ಟಿ ಆಳು. ಬಲಗಡೆಯ ಗಂಟು ದೂರದಿಂದಲೇ ಕಾಣುತ್ತಿತ್ತು.

"ಆಸ್ಪತ್ರೆಯಿಂದಾನಾ? ಎಂತಕ್ಕೆ?" ಎಂದರು. "ನಾನು ಡಾಕ್ಟ್ರು ಹೇಳಿದ ಹಾಗೇ ಮಾಡ್ತಾ ಇದೀನಲ್ಲ. ಪ್ಯಾಕೆಟ್ಟಿನ ಮೇಲೆ ಅಯೋಡಿನ್ ಅಂತ ಬರೆದಿರೋ ಉಪ್ಪೇ ತರೋದು. ನನ್ನ ತಟ್ಟೆಗೆ ಅರ್ಧ ಚಮಚ ಜಾಸ್ತಿನೇ ಹಾಕ್ಕೊತೀನಿ. ಮನೇಲಿ ಬೈತಾರೆ. ಗಡ್ಡೆ ಉಪ್ಪಿಂದ ಕರಗತ್ತೆ ಅಂದ್ರೆ ಎಂತ ಮಾಡೋದು."

ಬಸ್ ಸ್ಟ್ಯಾಂಡಿನಲ್ಲಿ ಜೋಡಿಸಿಕೊಂಡ ಮಾತು ಅಲ್ಲಿಗೇ ಬಿದ್ದುಹೋಯಿತು. ನಲ್ಲಿಯ ಕಟ್ಟೆಯ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲು ನೋಡಿದ ಡಾಕ್ಟರು ಬೇರೆ ಪರೀಕ್ಷೆ ಬರೆದಿದ್ದರು, ನಾನು ಅದನ್ನು ಓದದೆ ಇದು ಉಪ್ಪಿನ ಗಡ್ಡೆ ಎಂದು ಬರೆದೆ, ಆಮೇಲೆ ಬಂದ ಡಾಕ್ಟರುಗಳು ನಾನು ಬರೆದದ್ದನ್ನು ನಂಬಿದರು ಎಂದೆ. ಗಂಟು ಕೆಟ್ಟದ್ದೇ ಆಗಿರಬೇಕೆಂದಿಲ್ಲ, ಆದರೆ ತಡಮಾಡದೆ ನೋಡಿಸಬೇಕು, ಮೊದಲು ಶಿಕಾರಿಪುರಕ್ಕೆ ಬನ್ನಿ ಎಂದು ಕಾಗದ ಕೊಟ್ಟೆ.

ಅವರು ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು. ಕೂಗಾಡಲಿಲ್ಲ, ಅಳಲಿಲ್ಲ.

"ನೀವು ಬರೆದಿದ್ದನ್ನ ನನಗೆ ಯಾರಾದ್ರೂ ಓದಿ ಹೇಳಿದ್ರಾ?"

"ಇಲ್ಲ."

"ಓದಿ ಹೇಳಿದ್ರೆ ನಾನೇ ಹೇಳ್ತಿದ್ದೆ. ನಮ್ಮನೇಲಿ ನಾನು ಮದುವೆಯಾಗಿ ಬಂದಾಗಿಂದ್ಲೂ ಪ್ಯಾಕೆಟ್ ಉಪ್ಪೇ. ಉಪ್ಪು ಕಡಿಮೆಯಾಗಿ ಬಂದಿದ್ದು ಹ್ಯಾಗೆ ಅಂತ ಕೇಳ್ತಿದ್ದೆ."

ಅವರು ಎದ್ದು ಮತ್ತೆ ಪಾತ್ರೆಯ ಹತ್ತಿರ ಹೋದರು. "ಇವತ್ತು ಇದು ಮುಗಿಸ್ಬೇಕು. ನಾಡಿದ್ದು ಶಾಲೆಗೆ ರಜೆ ಇದೆ, ಮನೆಯವರನ್ನ ಕರ್ಕೊಂಡು ಬರ್ತೀನಿ. ನೀವು ಹೋಗಿ" ಎಂದರು. ಚಹಾ ಬೇಕಾ ಎಂದು ಕೇಳಲಿಲ್ಲ. ಕೇಳಬೇಕಿತ್ತು ಎಂದು ನನಗೂ ಅನ್ನಿಸಲಿಲ್ಲ.

ಹೇಳಿದ ದಿನವೇ ಗಂಡ ಹೆಂಡತಿ ಇಬ್ಬರೂ ಶಿಕಾರಿಪುರಕ್ಕೆ ಬಂದರು. ಗಂಡ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ನಾಲ್ಕು ವರ್ಷ, ಮೇಡಂ. ನಾಲ್ಕು ವರ್ಷ ಉಪ್ಪು ತಿನ್ನಿಸಿದಿರಿ" ಎಂದರು. ರೇಣುಕಮ್ಮ ಅವರ ತೋಳು ಹಿಡಿದು, "ಮೊದಲು ಪರೀಕ್ಷೆ ಆಗ್ಲಿ ಬನ್ನಿ" ಎಂದು ಕರೆದುಕೊಂಡು ಹೋದರು. ವಸುಧಾ ಅವರೇ ಶಿವಮೊಗ್ಗಕ್ಕೆ ಫೋನ್ ಮಾಡಿ ದಿನ ಗೊತ್ತು ಮಾಡಿದರು. ಫಲಿತಾಂಶ ಬರುವವರೆಗಿನ ಆ ಹತ್ತು ದಿನ ನಾನು ಒಂದು ಕೋಡನ್ನೂ ಎರಡು ಸಲ ನೋಡದೆ ಹಾಕಲಿಲ್ಲ. ಕೆಲಸ ಬಾಕಿ ಬಿದ್ದು ಬೈಸಿಕೊಂಡೆ.

ಅದು ಕ್ಯಾನ್ಸರೇ ಆಗಿತ್ತು. ನಿಧಾನವಾಗಿ ಬೆಳೆಯುವ ಬಗೆ. ಪಕ್ಕದ ಒಂದೆರಡು ದುಗ್ಧಗ್ರಂಥಿಗಳಿಗೆ ಹಬ್ಬಿತ್ತು, ಅದಕ್ಕಿಂತ ಆಚೆ ಹೋಗಿರಲಿಲ್ಲ. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಇಡೀ ಗ್ರಂಥಿ ತೆಗೆದರು. ಮೊದಲ ವರ್ಷವೇ ಬಂದಿದ್ದರೆ ಅರ್ಧ ತೆಗೆದರೆ ಸಾಕಾಗುತ್ತಿತ್ತೇನೋ ಎಂದು ಸರ್ಜನ್ ವಸುಧಾ ಅವರಿಗೆ ಹೇಳಿದರಂತೆ. ವಸುಧಾ ಅದನ್ನು ನನ್ನಿಂದ ಮುಚ್ಚಿಡಲಿಲ್ಲ. ಆಪರೇಷನ್ನಿನಲ್ಲಿ ಧ್ವನಿಯ ನರಕ್ಕೆ ಪೆಟ್ಟಾಗಿ ರೇಣುಕಮ್ಮನ ದನಿ ಒಡೆಯಿತು. ಈಗಲೂ ಗೊಗ್ಗರಾಗಿಯೇ ಇದೆ. ಸಾಲು ನಿಲ್ಲದ ಮಕ್ಕಳನ್ನು ಗದರಿಸಲು ಆಗುವುದಿಲ್ಲವೆಂದು ಸೌಟಿನಿಂದ ತಟ್ಟೆ ಬಡಿಯುತ್ತಾರೆ. ತೆಗೆದ ಗ್ರಂಥಿಯ ಬದಲಿಗೆ ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಬದುಕಿರುವವರೆಗೂ.

ಶಿವಮೊಗ್ಗದ ಕಾಗದಗಳು ನಮ್ಮ ಫೈಲಿಗೆ ಸೇರಿದ ದಿನ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಅರ್ಧ ಗಂಟೆ ಹಿಡಿಯಿತು. ಆಮೇಲೆ ಸಿ ಎಪ್ಪತ್ತಮೂರು ಎಂದು ಬರೆದೆ. ಥೈರಾಯ್ಡ್ ಕ್ಯಾನ್ಸರಿಗೆ ಅದೇ ಸಂಖ್ಯೆ. ಹಳೆಯ ಕೋಡನ್ನು ಅಳಿಸಲಿಲ್ಲ. ಓದಲು ಬರುವ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದೆ.

ಆಡಳಿತಾಧಿಕಾರಿಗಳು ನನ್ನಿಂದ ವಿವರಣೆ ಬರೆಸಿಕೊಂಡರು. ತಮಗೆ ಹೇಳದೆ ರೇಣುಕಮ್ಮನವರ ಊರಿಗೆ ಹೋದದ್ದಕ್ಕೆ ಒಂದು ಮೆಮೊ ಕೊಟ್ಟರು. ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಮುಂದಿನ ಮೀಟಿಂಗಿನಲ್ಲಿ ವಸುಧಾ ಎರಡು ಪದ್ಧತಿ ತಂದರು. ಶೀಟಿನ ಒಳಗಿರುವ ಮಾತಿಗೂ ಕೊನೆಯ ಸಾಲಿಗೂ ಹೊಂದದಿದ್ದರೆ ನಾನು ಹಳದಿ ಚೀಟಿ ಅಂಟಿಸಿ ಡಾಕ್ಟರಿಗೆ ವಾಪಸು ಕಳಿಸಬೇಕು, ಅವರು ಬರೆದುಕೊಡುವವರೆಗೆ ಕೋಡ್ ಹಾಕಬಾರದು. ಎರಡನೆಯದು, ರೋಗಿಯನ್ನು ಮನೆಗೆ ಕಳಿಸುವಾಗ ಕಾಯಿಲೆಯ ಹೆಸರನ್ನೂ ಮುಂದೇನು ಮಾಡಬೇಕು ಎನ್ನುವುದನ್ನೂ ಕನ್ನಡದಲ್ಲಿ ಅವರಿಗೆ ಓದಿ ಹೇಳಬೇಕು. ಮೊದಲನೆಯದಕ್ಕೆ ಡಾಕ್ಟರುಗಳ ಗೊಣಗಾಟ ಇದ್ದೇ ಇತ್ತು. ಸರ್ಜನ್ ಒಬ್ಬರು, "ಹಾಲಮ್ಮಾರೇ, ನಿಮ್ಮ ಹಳದಿ ಚೀಟಿ ಕಂಡ್ರೆ ನನಗೆ ಕಾಮಾಲೆ ಬರ್ತದೆ" ಎನ್ನುತ್ತಿದ್ದರು. ಆದರೂ ಬರೆದುಕೊಡುತ್ತಿದ್ದರು. ಎರಡನೆಯ ಕೆಲಸಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ, ಅದನ್ನು ನಾನೇ ಇಟ್ಟುಕೊಂಡೆ.

ಆ ಪ್ರಸಂಗವಾದ ಮೇಲೆ ಬಹಳ ದಿನ ನನಗೆ ಇ ಸೊನ್ನೆ ಒಂದು ಎಂದು ಬರೆಯಲು ಕೈ ಬರುತ್ತಿರಲಿಲ್ಲ. ಕುರಿ ಸಾಕುವ ಕರಿಯಮ್ಮನವರನ್ನೂ ಅವರ ಸೊಸೆಯನ್ನೂ ಯುವ ಡಾಕ್ಟರ ತಂಡದವರು ಒಪ್ಪಿಸಿ ನಮ್ಮಲ್ಲಿಗೆ ಕಳಿಸಿದ್ದ ದಿನ ಶೀಟು ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ಡಾಕ್ಟರು ಸ್ಪಷ್ಟವಾಗಿ ಅಯೋಡಿನ್ ಕೊರತೆ ಎಂದು ಬರೆದಿದ್ದರು. ಉಪ್ಪಿನ ಪರೀಕ್ಷೆಯ ಚೀಟಿಯೂ ಜೊತೆಗಿತ್ತು. ಆದರೂ ಎದ್ದು ಹೋಗಿ ವಸುಧಾ ಅವರನ್ನು ಕೇಳಿದೆ. "ಬರೆದಿದ್ದಾರಲ್ಲ, ಹಾಕಿ. ಈಗ ಹೆದರಿ ಬಿಟ್ಟರೆ ಅದೂ ತಪ್ಪೇ" ಎಂದರು. ಹಾಕಿದೆ. ಕರಿಯಮ್ಮನ ಗಡ್ಡೆ ಆ ವಯಸ್ಸಿನಲ್ಲಿ ಕರಗುವಂಥದ್ದಾಗಿರಲಿಲ್ಲ. ಸೊಸೆಯ ಊತ ಎರಡು ವರ್ಷದಲ್ಲಿ ಇಳಿಯಿತು. ಅವರ ಮನೆಯಲ್ಲಿ ಈಗ ಕುರಿಗೊಂದು ಉಪ್ಪು, ಮನುಷ್ಯರಿಗೊಂದು ಉಪ್ಪು. ಅದರ ಬಗ್ಗೆ ಕರಿಯಮ್ಮನ ಗೊಣಗಾಟ ಮಾತ್ರ ನಿಂತಿಲ್ಲ.

ಈಗ ಕಂಪ್ಯೂಟರು ತಾನೇ ಕೋಡ್ ಸೂಚಿಸುತ್ತದೆ. ನೀವು ಒಪ್ಪಿಗೆ ಒತ್ತಿದರೆ ಮುಗಿಯಿತು. ಬಹಳ ಸಲ ಅದು ಸರಿಯಾಗೇ ಹೇಳುತ್ತದೆ. ನಮ್ಮ ಶೇಖರಪ್ಪನವರ ರಟ್ಟೂ ಬಹಳ ಸಲ ಸರಿಯಾಗೇ ಇತ್ತು. ನೀವು ಫೈಲಿನ ಎರಡನೆಯ ಪುಟ ತೆಗೆದು ನೋಡಿ ಎಂದಷ್ಟೇ ನಾನು ಹೇಳಬಲ್ಲೆ.

ನಾನು ನಿವೃತ್ತಳಾಗುವ ವಾರ ರೇಣುಕಮ್ಮ ತಪಾಸಣೆಗೆ ಬಂದಿದ್ದರು. ಆಪರೇಷನ್ ಆದ ಮೇಲೆ ಪ್ರತಿ ಆರು ತಿಂಗಳಿಗೆ ತಪ್ಪದೆ ಬರುತ್ತಿದ್ದರು. ಡಾಕ್ಟರನ್ನು ನೋಡಿಕೊಂಡು ನನ್ನ ಕೋಣೆಗೆ ಬಂದು, ಮೇಜಿನ ಎದುರು ಕೂತು, ಕಾಗದ ಮುಂದಿಟ್ಟು, "ಓದಿ" ಎನ್ನುತ್ತಿದ್ದರು. ನನ್ನ ಮೇಲೆ ಅವರಿಗೆ ಸಿಟ್ಟು ಉಳಿದಿದೆಯೋ ಇಲ್ಲವೋ ನಾನು ಕೇಳಿಲ್ಲ. ಅವರೂ ಹೇಳಿಲ್ಲ.

ಅವತ್ತೂ ಓದಿದೆ. ಹೆಸರು, ವಯಸ್ಸು, ಊರು, ಕಾಯಿಲೆ, ಆದ ಆಪರೇಷನ್ನು, ರಕ್ತ ಪರೀಕ್ಷೆಯ ಫಲಿತಾಂಶ, ಮಾತ್ರೆ ದಿನಕ್ಕೊಂದು, ಬೆಳಿಗ್ಗೆ.

"ಖಾಲಿ ಹೊಟ್ಟೆಲಿ ಅಂತ ಬರೆದಿಲ್ಲ" ಎಂದರು ರೇಣುಕಮ್ಮ.

ನೋಡಿದೆ. ಬರೆದಿರಲಿಲ್ಲ. ನಾನು ಬರೆಯುವ ಹಾಗಿರಲಿಲ್ಲ, ಕಾಗದ ಹಿಡಿದು ವಸುಧಾ ಅವರ ಕೋಣೆಗೆ ಹೋದೆ. ಅವರು ಸೇರಿಸಿ ಸಹಿ ಮಾಡಿಕೊಟ್ಟರು. ವಾಪಸು ಬಂದು ಕೂತು, ಮತ್ತೆ ಹೆಸರಿನಿಂದ ಶುರುಮಾಡಿ ಪೂರ್ತಿ ಓದಿದೆ. ಅವರು ಪೂರ್ತಿ ಕೇಳಿದರು.

"ಈಗ ಸರಿಯಾಯ್ತು" ಎಂದು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, ಎರಡು ಗಂಟೆಯ ಸೊರಬದ ಬಸ್ಸಿಗೆ ಹೊರಟರು.